ಉಪ್ಪುನೀರಿಗೆ ನಿಲ್ಲುವ ಲೇಪ

ಮಾರ್ಚ್ 3, ಸೋಮವಾರ

ಆಸ್ಪತ್ರೆಯವರು ತಮ್ಮನಿಗೆ ಇನ್ನು ಬರಬೇಕಾಗಿಲ್ಲ ಎಂದರು. ಅವನು ಮೆಟ್ಟಿಲಿಳಿಯುವ ಮೊದಲೇ ಫೋನ್ ತೆಗೆದು ದೋಣಿಯವರಿಗೆ ಸುದ್ದಿ ಮುಟ್ಟಿಸಿದ. ಎಡಗೈಯಲ್ಲಿ ಉಳಿದಿರುವ ಮೂರು ಬೆರಳಿನಲ್ಲಿ ಫೋನ್ ಹಿಡಿದು, ಬಲಗೈಯಲ್ಲಿ ನನಗೆ ಒಂದು ನಿಮಿಷ ಎಂದು ಸನ್ನೆ ಮಾಡಿದ. ನಾನು ಚೀಟಿ, ಎಕ್ಸ್‌ರೇ, ಅವನ ಸ್ವೆಟರು ಎಲ್ಲ ಹೊತ್ತುಕೊಂಡು ಕಂಬದ ಹಾಗೆ ನಿಂತಿದ್ದೆ.

“ಏಪ್ರಿಲ್‌ಗೆ ರೆಡಿ ಇರ್ತೀನಿ” ಎನ್ನುವುದು ಕೇಳಿಸಿತು.

ಅವನ ಕೆಲಸ ಹೇಳಿದರೆ ಹೊರಗಿನವರು ನಗುತ್ತಾರೆ. ನಮ್ಮ ಬಂದರಿನ ಮುಂದೆ ವರ್ಷಕ್ಕೆರಡು ಸಲ ತಿಮಿಂಗಿಲಗಳು ಹಾದುಹೋಗುತ್ತವೆ. ಮೀನಿನ ಬಲೆಯ ಹಗ್ಗ ಕೆಲವಕ್ಕೆ ಸುತ್ತಿಕೊಳ್ಳುತ್ತದೆ. ಬಿಡಿಸದಿದ್ದರೆ ತಿಂಗಳುಗಟ್ಟಲೆ ಅದನ್ನು ಎಳೆದುಕೊಂಡು ತಿರುಗಿ ಸಾಯುತ್ತವೆ. ನನ್ನ ತಮ್ಮ ಒಂದು ಸಣ್ಣ ದೋಣಿಯ ಮೂತಿಯಲ್ಲಿ ನಿಂತು, ಉದ್ದನೆಯ ಗಳುವಿನ ತುದಿಗೆ ಕೊಕ್ಕೆಚಾಕು ಸಿಕ್ಕಿಸಿ ಆ ಹಗ್ಗ ಕತ್ತರಿಸುತ್ತಾನೆ. ನೀರಿಗೆ ಇಳಿಯುವುದಿಲ್ಲ. ಇಳಿಯದೇ ಇದ್ದರೂ ಹೋದ ನವೆಂಬರಿನಲ್ಲಿ ಹಗ್ಗದ ಒಂದು ಸುತ್ತು ಅವನ ಎಡಗೈಗೆ ಬಿತ್ತು. ಎದೆಯ ಮೇಲೆ ಒರೆಯಲ್ಲಿ ಚಾಕು ಇತ್ತು. ಎಳೆದ, ಬರಲಿಲ್ಲ. ಮತ್ತೆ ಎಳೆದ, ಬರಲಿಲ್ಲ. ಮೂರನೇ ಸಲ ಬಂತು. ಅಷ್ಟರಲ್ಲಿ ಎರಡು ಬೆರಳು ಹೋಗಿದ್ದವು.

ಆ ಚಾಕನ್ನು ಅವನಿಗೆ ಮಾಡಿಸಿಕೊಟ್ಟವಳು ನಾನು. ಅದಕ್ಕೆ ಬಣ್ಣ ಹಚ್ಚಿದವಳೂ ನಾನೇ.

ಮಾರ್ಚ್ 4, ಮಂಗಳವಾರ

ಆ ಚಾಕನ್ನು ಡ್ರಾಯರಿನಿಂದ ತೆಗೆದು ನೋಡಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ. ಸಾಗರನೀಲಿ, ಅಂಚಿನುದ್ದಕ್ಕೂ ಕೂದಲಿನಷ್ಟು ತೆಳ್ಳಗಿನ ಬಿಳಿ ಅಲೆ. ಇಪ್ಪತ್ತು ವರ್ಷದಿಂದ ಈ ಬಂದರಿನ ದೋಣಿಗಳಿಗೆ ಹೆಸರು, ನಂಬರು ಬರೆಯುತ್ತಿರುವವಳು ನಾನು. ಅಂಥ ಗೆರೆ ಎಳೆಯಲು ಬೇರೆ ಯಾರಿಗೂ ಬಾರದು ಎಂಬ ಸೊಕ್ಕಿತ್ತು. ಬಣ್ಣ ಹಿಡಿಯ ಹತ್ತಿರ ಗುಳ್ಳೆ ಎದ್ದಿದೆ. ಉಗುರಿನಿಂದ ಒತ್ತಿದರೆ ಪುಡಿಪುಡಿಯಾಗಿ ಕೆಂಪು ಉದುರುತ್ತದೆ. ಆವತ್ತು ಈ ತುಕ್ಕೇ ಒಳಗೆ ಉಬ್ಬಿ ಒರೆಯ ಗೋಡೆಗೆ ಕಚ್ಚಿಕೊಂಡಿತ್ತು.

ಈ ಮಾತು ನಾವಿಬ್ಬರೂ ಒಮ್ಮೆಯೂ ಆಡಿಲ್ಲ. ಅವನು ಕೇಳಿಲ್ಲ. ನಾನು ಹೇಳಿಲ್ಲ.

ಮಾರ್ಚ್ 5, ಬುಧವಾರ

ಡಾಕ್ಟರಮ್ಮ ಬಂದಿದ್ದರು. ದಿನವೆಲ್ಲ ದನ, ನಾಯಿ, ಬೆಕ್ಕುಗಳಿಗೆ ಔಷಧ ಕೊಡುವ ಡಾಕ್ಟರು. ತಿಮಿಂಗಿಲ ಬಿಡಿಸುವ ದೋಣಿಯ ತಂಡ ಕಟ್ಟಿ ನಡೆಸುವವರೂ ಅವರೇ. ಮೇಜಿನ ಮೇಲೆ ಬಟ್ಟೆಯ ಗಂಟು ಬಿಚ್ಚಿದರು. ಐದು ಕೊಕ್ಕೆಚಾಕು, ಒಂದು ನೇರ ಚಾಕು. ಕೊಕ್ಕೆಗಳಿಗೆ ಒಳಮೈ ಮಾತ್ರ ಹರಿತ. ಪ್ರಾಣಿಯ ಮೈಗೆ ತಾಗುವ ಹೊರಬೆನ್ನು ಚಮಚದ ಹಾಗೆ ಗುಂಡಗೆ.

“ಇಷ್ಟು ದಿನ ಕೊಕ್ಕೆಗಳು ಸ್ಟೇನ್‌ಲೆಸ್ ಇಟ್ಕೊಂಡಿದ್ವಿ. ತುಕ್ಕು ಹಿಡಿಯಲ್ಲ, ಸರಿ. ಆದ್ರೆ ಎರಡು ಹಗ್ಗ ಕುಯ್ಯೋದ್ರೊಳಗೆ ಮೊಂಡಾಗುತ್ತೆ. ಇವು ಕುಲುಮೆ ತಾತ ಬೇರೆ ಉಕ್ಕಲ್ಲಿ ಮಾಡಿಕೊಟ್ಟಿದ್ದು. ಹರಿತ ಬಿಟ್ಟುಕೊಡಲ್ಲ. ಆದ್ರೆ ಬೆಳಿಗ್ಗೆ ಉಪ್ಪುನೀರು ಸೋಕಿದ್ರೆ ಸಂಜೆಗೆ ಕೆಂಪಗಾಗಿರುತ್ತೆ.”

“ಫ್ಯಾಕ್ಟರಿಗೆ ಕಳಿಸಿ, ಲೇಪ ಹಾಕಿಕೊಡ್ತಾರೆ.”

“ಕೇಳ್ದೆ. ಐದು ಆರು ಪೀಸು ಅಂದ್ರೆ ನಗ್ತಾರೆ. ಮನೇಲೇ ಹಚ್ಚೋ ಅಂಥದ್ದು ಏನಾದ್ರೂ ಹುಡುಕಿಕೊಡಿ. ನೀವು ಬಣ್ಣದವರು.”

“ನನ್ನ ಬಣ್ಣದ ಗತಿ ನೀವೇ ನೋಡಿದ್ದೀರಲ್ಲ.”

“ನೋಡಿದ್ದೀನಿ. ಅದಕ್ಕೇ ಬಂದೆ. ಆ ತಪ್ಪನ್ನ ಇನ್ನೊಂದು ಸಲ ಮಾಡದೆ ಇರೋರು ಈ ಊರಲ್ಲಿ ನೀವೊಬ್ರೇ.”

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. ಲೇಪ ಗಟ್ಟಿಯಾಗಿ ನಿಲ್ಲುತ್ತದೆಂದು ನಾನು ಹೇಳಿದರೆ ಮಾತ್ರ ಏಪ್ರಿಲಿನಲ್ಲಿ ದೋಣಿ ಇಳಿಸುತ್ತಾರಂತೆ. ಇಲ್ಲದಿದ್ದರೆ ಈ ಸಲ ಇಲ್ಲ.

ನಾನು ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎನ್ನುವುದನ್ನು ಇಲ್ಲಿ ಮಾತ್ರ ಬರೆಯಬಹುದು. ತಿಂಗಳಿಡೀ ಅದೂ ಇದೂ ಹಚ್ಚುತ್ತೇನೆ. ಕೊನೆಗೆ, ಯಾವುದೂ ನಿಲ್ಲಲಿಲ್ಲ ಡಾಕ್ಟರಮ್ಮ, ಎನ್ನುತ್ತೇನೆ. ಅವನು ಮನೆಯಲ್ಲಿರುತ್ತಾನೆ. ಅಮ್ಮ ಹೋದಾಗ ಅವನಿಗೆ ಎಂಟು, ನನಗೆ ಹತ್ತೊಂಬತ್ತು. ಶಾಲೆಯ ಶೂ ಲೇಸು ಕಟ್ಟಿ ಕಳಿಸಿದ ಕೈ ಇದು. ಉಳಿದ ಎಂಟು ಬೆರಳನ್ನಾದರೂ ಉಳಿಸಿಕೊಳ್ಳುತ್ತೇನೆ.

ಮಾರ್ಚ್ 9, ಭಾನುವಾರ

ನೋಡುವವರಿಗೆ ನಂಬಿಕೆ ಬರಬೇಕಲ್ಲ, ಪರೀಕ್ಷೆಯನ್ನು ಸರಿಯಾಗಿಯೇ ಮಾಡುತ್ತೇನೆ. ಅದೇ ಉಕ್ಕಿನ ಆರು ಪಟ್ಟಿ ಕೇಳಲು ತಾತನ ಕುಲುಮೆಗೆ ಹೋದೆ. ಕಮ್ಮಾರ, ಊರಿಗೆಲ್ಲ ತಾತ. ಕಿವಿ ಮಂದ. ಆರು ಪಟ್ಟಿ ಎಂದರೆ ಆರು ಪೆಟ್ಟಿಗೆ ಎಂದುಕೊಂಡು, “ಅಷ್ಟು ಕಬ್ಬಿಣ ಎಲ್ಲಿಂದ ತರಲಿ” ಎಂದು ಬೈದರು. ಕೈಯಲ್ಲಿ ಅಳತೆ ತೋರಿಸಿದ ಮೇಲೆ ನಗು.

ಉಕ್ಕನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಆಮೇಲೆ ಉಜ್ಜಿ ಬೆಳ್ಳಗೆ ಮಾಡಿ, ಕಾದ ದಪ್ಪ ತಗಡಿನ ಮೇಲಿಟ್ಟು, “ಈಗ ಕಣ್ಣು ಮಿಟುಕಿಸಬೇಡ” ಎಂದರು.

ಬೆಳ್ಳಗಿದ್ದ ಉಕ್ಕಿನ ಮೇಲೆ ಎಲ್ಲಿಂದಲೋ ಒಣಹುಲ್ಲಿನ ಬಣ್ಣ ಬಂತು. ಅದು ತುದಿಯ ಕಡೆಗೆ ತೆವಳಿತು. ಅದರ ಹಿಂದೆಯೇ ಕಂದು. ಕಂದಿನ ಹಿಂದೆ ನೇರಳೆ. ಅದರ ಹಿಂದೆ ನವಿಲಿನ ಕತ್ತಿನ ನೀಲಿ. ಯಾರೂ ಬ್ರಷ್ ಮುಟ್ಟಿರಲಿಲ್ಲ. ಡಬ್ಬಿ ಇರಲಿಲ್ಲ. ನಾನು ಇಪ್ಪತ್ತು ವರ್ಷ ಬಣ್ಣದಲ್ಲೇ ಕೈ ತೊಳೆದವಳು, ಬಣ್ಣವಿಲ್ಲದೆ ಬಣ್ಣ ಬರುವುದನ್ನು ಇವತ್ತು ನೋಡಿದೆ.

“ಹುಲ್ಲಿನ ಬಣ್ಣ ಬಂದಾಗ ನಿಲ್ಲಿಸ್ಬೇಕು” ಎಂದರು ತಾತ. “ನೀಲಿಗೆ ಹೋದ್ರೆ ಸ್ಪ್ರಿಂಗಾಗುತ್ತೆ, ಚಾಕು ಆಗಲ್ಲ. ಇದು ನಿಂಗೆ ತೋರಿಸೋಕ್ಕೆ ಕೆಡಿಸಿದ್ದು. ನೀನೇನಾದ್ರೂ ಲೇಪಾನ ಓವನ್ನಲ್ಲಿ ಬೇಯಿಸ್ತೀಯಾದ್ರೆ ನೂರೈವತ್ತರಲ್ಲಿ ಬೇಯಿಸು. ಇನ್ನೂರು ದಾಟಿಸಬೇಡ. ದಾಟಿದ್ರೆ ನಾನು ಕೊಟ್ಟ ಹದ ಹೋಯ್ತು.”

ಕೆಡಿಸಿದ ಆ ತುಂಡನ್ನು ಕೇಳಿ ತೆಗೆದುಕೊಂಡು ಬಂದೆ. ಈಗ ದಿನಚರಿಯ ಪಕ್ಕದಲ್ಲೇ ಇದೆ. ಬರೆಯುವುದು ಬಿಟ್ಟು ಅದನ್ನೇ ನೋಡುತ್ತ ಕೂತಿದ್ದೇನೆ.

ಮಾರ್ಚ್ 11, ಮಂಗಳವಾರ

ಪಟ್ಟಿಗಳು ತಯಾರು. ಒಂದನೆಯದಕ್ಕೆ ಏನೂ ಇಲ್ಲ, ಬರಿಮೈ. ಎರಡನೆಯದಕ್ಕೆ ಹೊಲಿಗೆ ಯಂತ್ರದ ಎಣ್ಣೆ. ಮೂರನೆಯದನ್ನು ಬೆಚ್ಚಗೆ ಮಾಡಿ ಜೇನುಮೇಣ ತಿಕ್ಕಿದೆ. ನಾಲ್ಕನೆಯದನ್ನು ಮೊದಲು ವಿನೆಗರಿನಲ್ಲಿ, ಆಮೇಲೆ ಕಡುಚಹಾದಲ್ಲಿ ನೆನೆಸಿಟ್ಟೆ. ಐದನೆಯದಕ್ಕೆ ನನ್ನದೇ ದೋಣಿಬಣ್ಣ, ಎರಡು ಪದರ. ಆರನೆಯದಕ್ಕೆ ಬೈಕಿನ ಸೈಲೆನ್ಸರಿಗೆ ಬಣ್ಣ ಹೊಡೆಯುವವರಿಂದ ತಂದ ಸೆರಾಮಿಕ್ ಲೇಪ. ಗಟ್ಟಿಮಾಡುವ ದ್ರಾವಣ ಬೆರೆಸಿ, ಸ್ಪ್ರೇ ಮಾಡಿ, ಎರಡು ಗಂಟೆ ಬೇಯಿಸಬೇಕು. ಹಿತ್ತಲಲ್ಲಿ ಬಿದ್ದಿದ್ದ ಹಳೇ ಓವನ್ನಿಗೆ ಉದ್ದ ವೈರು ಎಳೆದು ಹೊರಗೇ ಬೇಯಿಸಿದೆ. ಆ ವಾಸನೆ ಹೊಡೆದ ಓವನ್ನಿನಲ್ಲಿ ಇನ್ನು ಊಟದ ಸಾಮಾನು ಇಡುವ ಹಾಗಿಲ್ಲ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, “ಏನು ಬೇಯ್ತಿದೆ” ಎಂದರು. “ಕಬ್ಬಿಣ” ಎಂದೆ. ತಲೆ ಒಳಗೆ ಹೋಯಿತು.

ನಾಲ್ಕನೆಯ ಪಟ್ಟಿಯನ್ನು ಚಹಾದಿಂದ ತೆಗೆದಾಗ ಕೈ ಹಾಗೇ ನಿಂತಿತು. ಮೋಡ ಕವಿದ ಹಾಗೆ ಬೂದುಗಪ್ಪು. ಓರೆಯಾಗಿ ಹಿಡಿದರೆ ಅದರೊಳಗೆ ಊದಾ, ಹಸಿರು. ಬರೀ ಚಹಾ.

ಆರಕ್ಕೂ ಮೊಳೆಯಿಂದ ಅಡ್ಡಡ್ಡ ಎರಡು ಗೀರು ಹಾಕಿದೆ, ಉಕ್ಕು ಕಾಣುವ ತನಕ. ಗೀರಿಲ್ಲದ ಲೇಪವನ್ನು ಪರೀಕ್ಷಿಸಿ ಏನು ಬಂತು. ಗಾಯವಾದ ಮೇಲೆ ಹೇಗಿರುತ್ತದೆ ಎನ್ನುವುದು ಮುಖ್ಯ.

ಮಾರ್ಚ್ 12, ಬುಧವಾರ

ಬೆಳಿಗ್ಗೆ ಬಂದರಿನ ಕಟ್ಟೆಯಿಂದ ಆರನ್ನೂ ದಾರದಲ್ಲಿ ಇಳಿಬಿಟ್ಟೆ. ನೀರು ಏರಿದಾಗ ಮುಳುಗುತ್ತವೆ, ಇಳಿದಾಗ ಗಾಳಿಗೆ. ಮೀನು ಹಿಡಿಯುವವರು ಗಾಳದಲ್ಲಿ ಏನು ಸಿಕ್ಕಿಸಿದ್ದೀಯ ಎಂದು ಕೇಳಿ ಸಾಕಾದರು.

ಮಾರ್ಚ್ 14, ಶುಕ್ರವಾರ

ಒಂದು, ಎರಡು ಮುಗಿದವು. ಎಣ್ಣೆಯನ್ನು ಉಪ್ಪುನೀರು ಒಂದೇ ದಿನದಲ್ಲಿ ತೊಳೆದುಬಿಟ್ಟಿದೆ. ಮೇಣ ಪರವಾಗಿಲ್ಲ. ಚಹಾದ್ದು ಅಲ್ಲಲ್ಲಿ ಕೆಂಪು ಚುಕ್ಕೆ. ನನ್ನ ದೋಣಿಬಣ್ಣ ಮದುಮಗಳ ಹಾಗೆ ಹೊಳೆಯುತ್ತಿದೆ. ಒಂದು ಕ್ಷಣ ಖುಷಿಯಾಯಿತು, ಆಮೇಲೆ ಅದನ್ನು ತಟ್ಟನೆ ನೀರಿಗೆ ಬಿಟ್ಟೆ. ನವೆಂಬರಿನಲ್ಲೂ ಇದು ಹೀಗೇ ಹೊಳೆಯುತ್ತಿದ್ದಿರಬೇಕು.

ಮಾರ್ಚ್ 19, ಬುಧವಾರ

ಜ್ವರ. ತಮ್ಮನೇ ಗಂಜಿ ಮಾಡಿದ. ಉಪ್ಪು ಮರೆತಿದ್ದ. ಕಟ್ಟೆಗೂ ಅವನೇ ಹೋಗಿ ಪಟ್ಟಿಗಳನ್ನು ನೋಡಿ ಬಂದು ವರದಿ ಒಪ್ಪಿಸಿದ: “ಆರನೇದು ಹಾಗೇ ಇದೆ ಅಕ್ಕ.” ಹಾಗೇ ಎಂದರೆ ಹೇಗೆ, ಗೀರಿನ ಅಂಚು ಹೇಗಿದೆ, ಬಣ್ಣ ಎದ್ದಿದೆಯೋ ಇಲ್ಲವೋ? ಅಷ್ಟೆಲ್ಲ ನೋಡಲಿಲ್ಲವಂತೆ. ಇಂಥವರನ್ನು ಕಳಿಸುವುದಕ್ಕಿಂತ ಜ್ವರದಲ್ಲೇ ನಾನು ಹೋಗಬಹುದಿತ್ತು.

ಮಾರ್ಚ್ 23, ಭಾನುವಾರ

ಪಟ್ಟಿಗಳನ್ನು ಮೇಲೆಳೆದು ಮನೆಗೆ ತಂದೆ. ಕಿಟಕಿಯ ಬೆಳಕಿನಲ್ಲಿಟ್ಟು ಭೂತಗನ್ನಡಿ ಹಿಡಿದೆ.

ತುಕ್ಕು ಎಂದರೆ ಕೊಳೆ ಎಂದು ತಿಳಿದಿದ್ದೆ. ಅದು ಕಾಡು. ಒಂದನೆಯ ಪಟ್ಟಿಯ ಮೇಲೆ ಗುಡ್ಡಗಳಿವೆ, ಕಣಿವೆಗಳಿವೆ; ಕಿತ್ತಳೆ ಬಣ್ಣದ ದಿಬ್ಬಗಳ ಮೇಲೆ ಹಾವಸೆಯಂಥ ಕಂದು; ಅಂಚಿನಲ್ಲಿ ಗರಿಗಳ ಹಾಗೆ ಚಿಗುರುತ್ತಿರುವ ಕಪ್ಪು. ಹನ್ನೊಂದು ದಿನದಲ್ಲಿ ಇಷ್ಟು. ಕಬ್ಬಿಣಕ್ಕೆ ಮಣ್ಣಾಗುವ ಆಸೆ ಇಷ್ಟೊಂದಿದೆಯೇ. ನಾವು ಚಾಕು, ಲಂಗರು, ಹಡಗು ಎಂದು ಹಿಡಿದು ನಿಲ್ಲಿಸಿರುವುದೆಲ್ಲ ಸ್ವಲ್ಪ ಹೊತ್ತಿಗೆ ಮಾತ್ರ. ಅರ್ಧ ಗಂಟೆ ಕನ್ನಡಿ ಕೆಳಗಿಡಲಿಲ್ಲ.

ಐದನೆಯದು. ಮೇಲೆ ಹೊಳಪು. ಗೀರಿನ ಪಕ್ಕ ಬ್ಲೇಡಿನ ಮೂಲೆಯಿಂದ ಮೆಲ್ಲಗೆ ಎತ್ತಿದೆ. ಬಣ್ಣ ಬಟ್ಟೆಯ ಹಾಗೆ ಎದ್ದು ಬಂತು. ಅದರ ಕೆಳಗೆ ಗೀರಿನಿಂದ ಬೆರಳಗಲ ದೂರದವರೆಗೆ ತುಕ್ಕು ಸದ್ದಿಲ್ಲದೆ ಹೋಗಿ ಕೂತಿದೆ. ನೀರು ಒಳಗೆ ಹೊಕ್ಕಿತು, ಹೊರಗೆ ಬರಲು ಬಣ್ಣ ಬಿಡಲಿಲ್ಲ. ಬರಿಮೈ ಆಗಿದ್ದರೆ ತುಕ್ಕು ಯಾರ ಕಣ್ಣಿಗಾದರೂ ಬೀಳುತ್ತಿತ್ತು. ನಾನು ಮುಚ್ಚಿಟ್ಟೆ.

ತಮ್ಮ ಎದುರಿಗೆ ಕೂತು ಎಡಗೈಯಲ್ಲಿ ಮೆತ್ತನೆಯ ಚೆಂಡು ಒತ್ತುತ್ತಿದ್ದ, ವ್ಯಾಯಾಮ. ಪಟ್ಟಿಯನ್ನು ಅವನ ಮುಂದೆ ತಳ್ಳಿದೆ.

“ನೋಡು. ಆವತ್ತು ಆಗಿದ್ದು ಇದು. ನಾನು ಹಚ್ಚಿದ್ದಕ್ಕೇ ಆಗಿದ್ದು.”

ಅವನು ಕನ್ನಡಿ ತೆಗೆದುಕೊಂಡು ನೋಡಿದ.

“ಅಕ್ಕ, ಆ ಚಾಕು ನಾನು ಎಷ್ಟು ದಿನ ತೊಳೆದಿರಲಿಲ್ಲ ಗೊತ್ತಾ? ಮೂರು ವಾರ. ಒರೆ ಬೇರೆ ಚರ್ಮದ್ದು, ಉಪ್ಪುನೀರು ಕುಡ್ಕೊಂಡು ಒದ್ದೆಯಾಗೇ ಇರ್ತಿತ್ತು. ಡಾಕ್ಟರಮ್ಮ ಎರಡು ಸಲ ಹೇಳಿದ್ರು. ಬಣ್ಣ ಚೆನ್ನಾಗಿದೆಯಲ್ಲ ಅಂತ ನಾನೇ ತಲೆ ಕೆಡಿಸ್ಕೊಳ್ಳಲಿಲ್ಲ.”

“ಯಾಕೆ ಹೇಳಲಿಲ್ಲ ಇಷ್ಟು ದಿನ?”

“ನೀನು ಬೈತೀಯ ಅಂತ.”

ಮೂವತ್ತನಾಲ್ಕು ವರ್ಷದ ಗಂಡಸು. ಅವನ ಕೈಯಿಂದ ಕನ್ನಡಿ ಕಿತ್ತುಕೊಂಡೆ, ಆರನೆಯದನ್ನು ನೋಡುವುದಿತ್ತು.

ಆರನೆಯದರಲ್ಲಿ ಗೀರಿನ ಒಳಗೆ ಮಾತ್ರ ಕೆಂಪು. ಪೆನ್ಸಿಲಿನಲ್ಲಿ ಎಳೆದ ಹಾಗೆ. ಗೀರಿನಿಂದ ಒಂದು ಕೂದಲಿನಷ್ಟೂ ಆಚೆ ಹೋಗಿಲ್ಲ. ಬ್ಲೇಡಿನಿಂದ ಎಬ್ಬಿಸಲು ನೋಡಿದೆ, ಬ್ಲೇಡೇ ಮೊಂಡಾಯಿತು.

ಮಾರ್ಚ್ 27, ಗುರುವಾರ

ಡಾಕ್ಟರಮ್ಮನಿಗೆ ಏನು ಹೇಳುತ್ತೇನೋ ಅದು ಆಮೇಲಿನ ಮಾತು, ಮೊದಲು ಆರನೆಯ ಲೇಪ ಸರಿಯಾಗಿ ಕೂರಬೇಕು. ಉಕ್ಕು ಉಜ್ಜುವ ಎಮ್ರಿ ಪೇಪರ್ ನಾನೂರು ನಂಬರಿನದು ತೀರಾ ನಯ. ಲೇಪಕ್ಕೆ ಕಾಲೂರಲು ಜಾಗ ಸಿಗುವುದಿಲ್ಲ. ನೂರಿಪ್ಪತ್ತರಲ್ಲಿ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಉಜ್ಜಿದರೆ ಸರಿ. ಉಜ್ಜಿದ ಮೇಲೆ ಬೆರಳು ತಾಗಿಸಬಾರದು. ತಾಗಿಸಿದೆ, ಬೇಕೆಂದೇ, ಒಂದು ಪಟ್ಟಿಗೆ. ಬೆಂದು ಬಂದ ಮೇಲೆ ಉಗುರಿನಲ್ಲಿ ಕೆರೆದರೆ ನನ್ನ ಹೆಬ್ಬೆರಳಿನ ಗುರುತಿನಷ್ಟು ಜಾಗ, ಸುಳಿಸುಳಿಯಾಗಿ, ಅಷ್ಟೇ ಎದ್ದು ಬಂತು. ಬೆರಳಿನ ಬೆವರಿಗೆ ಇಷ್ಟು ಶಕ್ತಿ ಇದೆಯಲ್ಲ. ಇನ್ನು ಕೈಗವಸು ಹಾಕದೆ ಮುಟ್ಟುವುದಿಲ್ಲ.

ಒಂದು ದಪ್ಪ ಪದರಕ್ಕಿಂತ ಎರಡು ತೆಳುಪದರ ಮೇಲು. ಮೂರು ಬೇಡ.

ಮಾರ್ಚ್ 30, ಭಾನುವಾರ

ಇಡೀ ತಿಂಗಳ ಕೆಲಸ ನೀರಿನಲ್ಲಿ ಹೋಮವಾಯಿತು ಎನ್ನಿಸಿದ ದಿನ.

ಲೇಪ ಹಚ್ಚಿ ಬೇಯಿಸಿದ ಒಂದು ತುಂಡನ್ನು ತಾತನ ಹತ್ತಿರ ಒಯ್ದೆ. ಅವರು ಬೆಳಕಿಗೆ ಹಿಡಿದು ಮೆಚ್ಚಿದರು, ತಿರುಗಿಸಿದರು, ಸಾಣೆಗೆ ಹಿಡಿದು ಅಂಚು ತೆಗೆದರು. ಕಪ್ಪು ಮೈಗೆ ಬೆಳ್ಳಿಗೆರೆಯ ಹಾಗೆ ಬರಿಯ ಉಕ್ಕು ಹೊಳೆಯಿತು.

ನನ್ನ ಮುಖ ನೋಡಿ ಅವರಿಗೇ ಅರ್ಥವಾಗಿರಬೇಕು.

“ಅಂಚಿಗೆ ಅಂಗಿ ತೊಡಿಸೋಕ್ಕಾಗಲ್ಲ ಮಗಳೇ. ಅಲ್ಲಿ ಲೇಪ ಇದ್ರೆ ಅದು ಕುಯ್ಯಲ್ಲ. ಕುಯ್ಯೋ ಜಾಗ ಯಾವಾಗ್ಲೂ ಬರಿಮೈನೇ.”

“ಹಾಗಾದ್ರೆ ಇಷ್ಟೆಲ್ಲ ಯಾಕೆ ಮಾಡಿದೆ ನಾನು?”

ಕೇಳಿಸಲಿಲ್ಲ ಅವರಿಗೆ. ಮತ್ತೆ ಕೂಗಿ ಕೇಳಿದೆ.

“ಮೈ ಕಾಯ್ದೆಯಲ್ಲ. ಒರೇಲಿ ಕಚ್ಚಿಕೊಳ್ಳೋದು ಮೈ. ಅಂಚನ್ನ ದಿನಾ ಒರೆಸ್ಬೇಕು, ಅಷ್ಟೇ. ಐವತ್ತು ವರ್ಷದಿಂದ ನಾನು ಮಾಡ್ತಿರೋದೂ ಅದೇ. ಒಬ್ರು ಕೂತ್ಕೊಂಡು ಒರೆಸ್ಬೇಕು.”

ಆಮೇಲೆ ಅವರ ಸ್ವಂತ ಚಾಕು ತೋರಿಸಿದರು, ಅವರ ಅಪ್ಪ ಮಾಡಿದ್ದಂತೆ. ತೆಂಗಿನ ಗರಿಯಷ್ಟು ತೆಳ್ಳಗೆ ಸವೆದಿದೆ. ಒಂದು ಚುಕ್ಕೆ ತುಕ್ಕಿಲ್ಲ. ಲೇಪವೂ ಇಲ್ಲ. ಬಟ್ಟೆ, ಎಣ್ಣೆ, ಇಬ್ಬರು ಮನುಷ್ಯರ ಇಡೀ ಆಯುಸ್ಸಿನ ಸಂಜೆಗಳು. ಅದನ್ನು ನನ್ನ ಅಂಗೈ ಮೇಲೆ ಇಟ್ಟರು. ನಾನು ಉಸಿರು ಬಿಗಿಹಿಡಿದೇ ವಾಪಸು ಕೊಟ್ಟೆ.

ಏಪ್ರಿಲ್ 2, ಬುಧವಾರ

ಇವತ್ತು ಕೊಕ್ಕೆಗಳ ದಿನ. ಥಿನ್ನರಿನಲ್ಲಿ ತೊಳೆದು, ತಂತಿಗೆ ತೂಗಿ, ಮುಖಕ್ಕೆ ಮಾಸ್ಕು ಕಟ್ಟಿ ಹಿತ್ತಲಲ್ಲಿ ನಿಂತೆ. ಗಾಳಿ ಇರಲಿಲ್ಲ. ತಮ್ಮ ತಂತಿ ಹಿಡಿದು ನಾನು ಹೇಳಿದ ಹಾಗೆ ತಿರುಗಿಸುತ್ತಿದ್ದ. ಮೂರು ಬೆರಳಿನಲ್ಲಿ ಎಷ್ಟು ನಿಧಾನ, ಎಷ್ಟು ಸಮ. ಯಂತ್ರಕ್ಕೂ ಹಾಗೆ ತಿರುಗಿಸಲು ಬಾರದು. ಅದಕ್ಕೇ ಒಂದು ಹನಿಯೂ ಇಳಿಯಲಿಲ್ಲ. ಇಷ್ಟು ದಿನ ಅವನನ್ನು ಈ ಕೆಲಸಕ್ಕೆ ಹಚ್ಚದೆ ದಂಡ ಮಾಡಿದೆ.

ನೂರೈವತ್ತು ಡಿಗ್ರಿ, ಎರಡು ಗಂಟೆ. ಓವನ್ನಿನ ಮುಳ್ಳನ್ನು ನಂಬದೆ ಬೇರೆ ಥರ್ಮಾಮೀಟರು ಇಟ್ಟು, ಇಬ್ಬರೂ ಮಣೆ ಹಾಕಿಕೊಂಡು ಅದರ ಮುಂದೆಯೇ ಕೂತೆವು. ತೆಗೆದಾಗ ಐದೂ ಒದ್ದೆ ಬಂಡೆಯ ಕಪ್ಪು. ಎದೆಗೆ ಕಟ್ಟುವ ನೇರ ಚಾಕಿಗೂ ಅದೇ. ಬಿಳಿ ಅಲೆ ಗಿಲೆ ಏನೂ ಇಲ್ಲ. ನಾಳೆ ತಾತ ಸಾಣೆ ಹಿಡಿದು ಅಂಚು ತೆಗೆಯುತ್ತಾರೆ.

ಏಪ್ರಿಲ್ 6, ಭಾನುವಾರ

ಡಾಕ್ಟರಮ್ಮ ಬಂದರು. ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದನ್ನೂ ತೋರಿಸಿದೆ. ಐದನೆಯದರ ಬಣ್ಣ ಎತ್ತಿ ಒಳಗಿನ ತುಕ್ಕನ್ನೂ ತೋರಿಸಿದೆ.

“ಹಾಗಾದ್ರೆ ನಿಲ್ಲುತ್ತೆ ಅಂತೀರಾ?”

“ಮೈಗೆ ನಿಲ್ಲುತ್ತೆ. ಅಂಚಿಗೆ ಯಾವುದೂ ನಿಲ್ಲಲ್ಲ. ಪ್ರತಿ ಸಲ ನೀರಿಂದ ಎತ್ತಿದ ತಕ್ಷಣ ಸಿಹಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಮೇಣ ಕೂಡಿಸಿದ್ದು ಸವರಬೇಕು. ಒರೆ ಚರ್ಮದ್ದು ಬೇಡ, ಪ್ಲಾಸ್ಟಿಕ್ಕಿಂದು ಮಾಡಿಸಿ. ಕೆಳಗೆ ನೀರು ಹೋಗೋಕ್ಕೆ ತೂತು ಇರ್ಲಿ.”

“ದೋಣಿಯಲ್ಲಿ ಅಷ್ಟು ಕೈ ಬಿಡುವಿರಲ್ಲ. ಯಾರು ಒರೆಸ್ತಾರೆ?”

“ನಿಮ್ಮವರು ಒರೆಸಿದ್ರೆ ಅಂಚು ಕಡೆಯಿಂದ ಒರೆಸಿ ಬೆರಳು ಕುಯ್ಕೊಳ್ತಾರೆ, ಇಲ್ಲಾ ಅರೆಬರೆ ಮಾಡ್ತಾರೆ. ನಾನೇ ಬರ್ತೀನಿ.”

ತಮ್ಮ ಚೆಂಡು ಒತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಏನು ಎಂದೆ. ಏನಿಲ್ಲ ಎಂದ.

ಲೈಫ್ ಜಾಕೆಟ್ಟು ನನ್ನ ಅಳತೆಯದು ಇಲ್ಲವಂತೆ. ನಾಳೆ ಹೋಗಿ ನೋಡಬೇಕು.

ಏಪ್ರಿಲ್ 15, ಮಂಗಳವಾರ

ಬೆಳಿಗ್ಗೆ ಏಳಕ್ಕೆ ಫೋನು. ಮೀನಿನ ದೋಣಿಯೊಂದು ಹಗ್ಗ ಸುತ್ತಿಕೊಂಡ ತಿಮಿಂಗಿಲವನ್ನು ನೋಡಿ ತಿಳಿಸಿತ್ತು. ಎಂಟಕ್ಕೆ ಹೊರಟೆವು. ಡಾಕ್ಟರಮ್ಮ ಮೋಟರು ಹಿಡಿದಿದ್ದರು, ತಮ್ಮ ಮುಂದೆ, ನಾನು ನಡುವೆ ಸಿಹಿನೀರಿನ ಕ್ಯಾನು, ಬಟ್ಟೆ, ಮೇಣದ ಡಬ್ಬಿಯ ಜೊತೆ.

ಮೊದಲು ಕಂಡಿದ್ದು ಉಸಿರು. ದೂರದಲ್ಲಿ ಒಂದು ಬಿಳಿ ಮರ ಎದ್ದು ಕರಗಿತು. ಸದ್ದು ಆಮೇಲೆ ಬಂತು, ದೊಡ್ಡ ಬಾಗಿಲೊಂದು ತೆರೆದ ಹಾಗೆ. ಹತ್ತಿರ ಹೋದಂತೆ ಆ ಉಸಿರು ನಮ್ಮ ಮೇಲೇ ಬಿತ್ತು. ಕೊಳೆತ ಮೀನಿನ ವಾಸನೆ, ಬೆಚ್ಚಗೆ. ಅಷ್ಟು ದೊಡ್ಡ ಪ್ರಾಣಿಯ ಒಳಗೂ ಬಿಸಿ ಇದೆ ಎನ್ನುವುದು ಆಗ ಹೊಳೆಯಿತು. ಆಮೇಲೆ ಬೆನ್ನು ಬಂತು. ಬಂತು ಎಂದರೆ ಬರುತ್ತಲೇ ಇತ್ತು. ನಮ್ಮ ದೋಣಿಯ ಪಕ್ಕ ಕಪ್ಪು ಮೈ ಮೇಲೇಳುತ್ತ, ಹಾಯುತ್ತ, ಮುಗಿಯಿತು ಎಂದುಕೊಂಡರೆ ಇನ್ನೂ ಇತ್ತು. ನಾನು ಬಣ್ಣ ಬಳಿದ ಯಾವ ದೋಣಿಯೂ ಅಷ್ಟು ಉದ್ದವಿರಲಿಲ್ಲ.

ಹಗ್ಗ ಬಾಯೊಳಗಿಂದ ಬಂದು ಬಾಲದ ಬುಡಕ್ಕೆ ಮೂರು ಸುತ್ತು ಬಿದ್ದಿತ್ತು. ಒಂದು ಸುತ್ತು ಮಾಂಸದೊಳಗೇ ಇಳಿದಿತ್ತು. ಗಾಯದ ಸುತ್ತ ಸಣ್ಣ ಏಡಿಗಳಂಥ ಕಿತ್ತಳೆ ಹುಳುಗಳು ಮುತ್ತಿದ್ದವು. ತಿಮಿಂಗಿಲ ಹಿಂದೆ ಎಳೆದುಕೊಂಡು ಹೋಗುತ್ತಿದ್ದ ಹಗ್ಗಕ್ಕೆ ತಮ್ಮ ಎರಡು ದೊಡ್ಡ ತೇಲುಚೆಂಡು ಸಿಕ್ಕಿಸಿದ, ಅದು ಆಳಕ್ಕಿಳಿಯದೆ ನಿಧಾನವಾಗಲೆಂದು. ಅದು ಎರಡನ್ನೂ ಆಟಿಕೆಯ ಹಾಗೆ ನೀರೊಳಗೆ ಎಳೆದುಕೊಂಡು ಹೋಯಿತು. ಕಾದೆವು. ಮತ್ತೆ ಎದ್ದಿತು. ಹೀಗೆ ಎರಡು ಗಂಟೆ.

ಮೊದಲ ಕೊಕ್ಕೆ ಹಗ್ಗದ ಕೆಳಗೆ ಸಿಕ್ಕಿತು, ಅಷ್ಟರಲ್ಲಿ ಅದು ಹೊರಳಿತು, ಕೊಕ್ಕೆ ಗಳುವಿನಿಂದ ಕಳಚಿ ಹೋಯಿತು. ನನ್ನ ಎರಡು ಪದರ, ತಾತನ ಹದ, ಎಲ್ಲ ಸಮುದ್ರಕ್ಕೆ. ಎರಡನೆಯದರಲ್ಲಿ ಒಂದು ಸುತ್ತು ಹೋಯಿತು. ಗಳು ಎಳೆದುಕೊಂಡೆ, ತೊಳೆದೆ, ಒರೆಸಿದೆ, ಸವರಿದೆ, ಕೊಟ್ಟೆ. ಅದೇ ಕೊಕ್ಕೆಗೆ ಎರಡನೆಯ ಸುತ್ತೂ ಹೋಯಿತು. ಮತ್ತೆ ತೊಳೆದೆ. ಅಂಚು ಉಗುರಿನ ಮೇಲೆ ಜಾರದೆ ನಿಲ್ಲುತ್ತಿತ್ತು, ಬೆಳಿಗ್ಗೆಯ ಹಾಗೇ. ಉಳಿದದ್ದು ಮಾಂಸದೊಳಗಿನ ಸುತ್ತು.

ಅದಕ್ಕೆ ಬಾಲದ ಪಕ್ಕವೇ ಹೋಗಬೇಕು. ಬಾಲ ನಮ್ಮ ಮನೆಯ ಮುಂಬಾಗಿಲಿಗಿಂತ ಅಗಲ. ಅದು ನೀರಿನಿಂದ ಎದ್ದಾಗ ನೆರಳು ದೋಣಿಯನ್ನೇ ಮುಚ್ಚಿತು. ಅದರ ಅಡಿಯಲ್ಲಿ ಬಿಳಿ ಮಚ್ಚೆಗಳು, ಹಳೇ ಗಾಯದ ಗೀಟುಗಳು, ಯಾರೋ ಬರೆದು ಅಳಿಸಿದ ಹಾಗೆ. ಸೂರ್ಯನಿಗೆ ಅಡ್ಡವಾಗಿ ನಿಂತ ಆ ಬಾಲದಿಂದ ನೀರು ಪರದೆಯ ಹಾಗೆ ಇಳಿಯುತ್ತಿತ್ತು, ಪರದೆಯೊಳಗೆ ಕಾಮನಬಿಲ್ಲಿನ ಒಂದು ತುಂಡು. ಅಷ್ಟನ್ನು ಸ್ಪಷ್ಟವಾಗಿ ನೋಡಿದೆ. ಕೊಕ್ಕೆ ಒಳಗೆ ಇಳಿಯಿತು. ಹಗ್ಗ ಬಿಗಿದು ತಂತಿಯ ಹಾಗೆ ಗುಂಯ್ ಎಂದಿತು. ಆಮೇಲೆ ಆ ಸದ್ದೂ ಇರಲಿಲ್ಲ, ಬಿಗಿದ ಹಗ್ಗವೂ ಇರಲಿಲ್ಲ.

ಅದು ನಮ್ಮ ಕಡೆ ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು. ಒಮ್ಮೆ ಉಸಿರು ಬಿಟ್ಟು, ಬೆನ್ನು ಬಗ್ಗಿಸಿ, ಯಾವ ಅವಸರವೂ ಇಲ್ಲದೆ ಕೆಳಗೆ ಹೋಯಿತು. ಹೋದ ಜಾಗದಲ್ಲಿ ನೀರು ಎಣ್ಣೆ ಸುರಿದ ಹಾಗೆ ನುಣ್ಣಗಾಯಿತು. ಸುತ್ತಲೂ ಅಲೆ, ನಡುವೆ ಅಂಗಳದಷ್ಟು ಅಗಲದ ಒಂದು ಗುಂಡನೆಯ ಕನ್ನಡಿ. ಆಳದಲ್ಲಿ ಬಾಲ ಬೀಸಿದ್ದರ ಗುರುತಂತೆ. ಡಾಕ್ಟರಮ್ಮ ಅದು ಇರುವ ತನಕ ಮೋಟರು ಹಾಕಲಿಲ್ಲ. ಅಂಚಿನಿಂದ ಒಂದೊಂದೇ ಸಣ್ಣ ಅಲೆ ಒಳಗೆ ಬಂದು, ಕೊನೆಗೆ ಅಲ್ಲಿ ಏನೂ ಇರಲಿಲ್ಲ.

ವಾಪಸು ಬರುವಾಗ ಒರೆಸುವ ಕೆಲಸ ಮುಗಿಸಿ ಕೊಕ್ಕೆಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದೆ. ತಮ್ಮ ಬಂದು ಪಕ್ಕದಲ್ಲಿ ಕೂತ, ಮೈಯೆಲ್ಲ ತೊಯ್ದು ಹೋಗಿದ್ದ.

“ಅಕ್ಕ, ಬಾಲ ಮೇಲಿದ್ದಾಗ ನೀನು ಏನು ಕೂಗಿದೆ ಗೊತ್ತಾ?”

“ನಾನೆಲ್ಲಿ ಕೂಗಿದೆ?”

“‘ಇನ್ನೂ ಹತ್ರ ಹೋಗೋ, ಕೈ ಚಾಚು’ ಅಂತ. ಒಂದಲ್ಲ, ನಾಲ್ಕೈದು ಸಲ.”

“ಹುಚ್ಚ. ನಾನು ಅಂಥ ಮಾತು ಯಾಕೆ ಹೇಳ್ಲಿ?”

“ಬೇಕಾದ್ರೆ ಡಾಕ್ಟರಮ್ಮನ್ನ ಕೇಳು.”

ಡಾಕ್ಟರಮ್ಮ ಮೋಟರಿನ ಹತ್ತಿರ ನಿಂತು ದೂರ ನೋಡುತ್ತ ನಗುತ್ತಿದ್ದರು. ನಾನು ಕೇಳಲಿಲ್ಲ. ಅಷ್ಟು ದೊಡ್ಡದನ್ನು ನೋಡುತ್ತ ನಿಂತವಳಿಗೆ ಕೂಗಲು ಪುರುಸೊತ್ತು ಎಲ್ಲಿತ್ತು. ಅವನಿಗೆ ಏನೋ ಭ್ರಮೆ.

ಮನೆಗೆ ಬಂದು ಬಿಸಿನೀರು ಕುಡಿದೆ, ಜೇನುತುಪ್ಪ ನೆಕ್ಕಿದೆ. ಗಂಟಲು ಮಾತ್ರ ಇನ್ನೂ ಕಟ್ಟಿದೆ. ಒಂದು ಮಾತೂ ಹೊರಡುತ್ತಿಲ್ಲ.